ಹಸುವಿನ ಕೊಟ್ಟಿಗೆ ಮತ್ತು ಹೈನುಗಾರನ ಆದಾಯ

ಬಯಲುಸೀಮೆಯ ಸಣ್ಣ ರೈತರ ಜೀವನದಲ್ಲಿ ಹೈನುಗಾರಿಕೆಗೆ ಮಹತ್ವದ ಸ್ಥಾನವಿದೆ. ರಾಗಿ, ಕಡಲೆಕಾಯಿ ಬೆಳೆಗಳಿಂದ ವರ್ಷಕ್ಕೊಮ್ಮೆ ಹಣ ಬಂದರೆ, ಡೇರಿಗೆ ಹಾಕಿದ ಹಾಲಿನ ಹಣ ಆಗಿಂದಾಗ್ಗೆ ಕೈಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಸಂಸಾರ ಸಾಗುವುದು ಇದರಿಂದಲೇ.

ಕೋಲಾರ, ಮಂಡ್ಯ ಮೊದಲಾದ ಕಡೆ 1970ರ ದಶಕದ ನಡುವಿನಿಂದ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಬ್ಬಿದಂತೆ ಮಿಶ್ರತಳಿ ಹಸುಗಳೂ ಹೆಚ್ಚಿದವು. ಆದರೆ ಕೊಟ್ಟಿಗೆ ಮಾತ್ರ ಬಹಳ ಕಡೆ ಹಳೆಯದೇ ಉಳಿಯಿತು. ನಾಟಿ ಹಸು ಹಗಲೆಲ್ಲ ಮೇದು ರಾತ್ರಿಯಷ್ಟೇ ಕೊಟ್ಟಿಗೆಯಲ್ಲಿರುತ್ತಿತ್ತು. ಮಿಶ್ರತಳಿ ಹಸುವಾದರೋ ಹಗಲು ರಾತ್ರಿ ಅಲ್ಲಿಯೇ ಇರುತ್ತದೆ. ಆದ್ದರಿಂದ ಕೊಟ್ಟಿಗೆಯ ದೋಷಗಳೆಲ್ಲ ಹಾಲಿನ ಹಣದಲ್ಲಿ ಕಾಣುತ್ತವೆ.

ಆಗುವ ನಷ್ಟ

1. ಗಾಳಿಯಾಡದ ಕೊಟ್ಟಿಗೆಯಲ್ಲಿ ಸೆಕೆಗೆ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ.

2. ಸಗಣಿ, ಗಂಜಲ ನಿಂತ ನೆಲದಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು ಬರುತ್ತದೆ. ಔಷಧ ಕೊಟ್ಟಾಗ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಒಂದು ಮೊಲೆ ಬತ್ತಿದರಂತೂ ಹಸುವಿನ ಬೆಲೆಯೇ ಬಿದ್ದುಹೋಗುತ್ತದೆ.

3. ಸದಾ ಕಟ್ಟಿಹಾಕಿದ ಹಸುವಿನ ಬೆದೆ ಕಣ್ಣಿಗೆ ಬೀಳುವುದು ಕಷ್ಟ. ಒಂದು ಬೆದೆ ತಪ್ಪಿದರೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನಗಳ ಮೇವು, ಹಿಂಡಿಯ ಖರ್ಚು ರೈತನ ತಲೆಯ ಮೇಲೆ.

ಸ್ಥಳ ಮತ್ತು ಮಾಡು

ಕೊಟ್ಟಿಗೆ ಎತ್ತರದ, ನೀರು ನಿಲ್ಲದ ಜಾಗದಲ್ಲಿರಬೇಕು. ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ಬೇಸಿಗೆಯ ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ಒಂದು ಹಸುವಿಗೆ 3.5 ಚದರ ಮೀಟರ್ ನೆರಳಿನ ಜಾಗ, ಅದರ ಎರಡರಷ್ಟು ಬಯಲು ಜಾಗವಿದ್ದರೆ ಸಾಕು. ಎಮ್ಮೆಗೆ 4 ಚದರ ಮೀಟರ್ ನೆರಳು ಬೇಕು. ತಗಡಿನ ಮಾಡಾದರೆ ಮೇಲೆ ತೆಂಗಿನ ಗರಿ ಹೊದಿಸುವುದು ಒಳ್ಳೆಯದು.

ನೆಲ ಮತ್ತು ಚರಂಡಿ

ನೆಲ ಗಟ್ಟಿಯಾಗಿರಬೇಕು, ನುಣುಪಾಗಿರಬಾರದು. ಸಿಮೆಂಟು ಹಸಿಯಿರುವಾಗಲೇ ಗೀರು ಎಳೆದರೆ ಹಸು ಜಾರುವುದಿಲ್ಲ. 5 ಅಡಿ ಉದ್ದದ ನೆಲಕ್ಕೆ ಚರಂಡಿಯ ಕಡೆ ಒಂದೂವರೆ ಅಂಗುಲ ಇಳಿಜಾರು ಕೊಡಬೇಕು. ಗಂಜಲದಲ್ಲಿ ಸಾರಜನಕ ಮತ್ತು ಪೊಟ್ಯಾಷ್ ಹೇರಳವಾಗಿರುವುದರಿಂದ ಚರಂಡಿಯನ್ನು ಗೊಬ್ಬರದ ಗುಂಡಿಗೆ ಸೇರಿಸಬೇಕು. ರಬ್ಬರ್ ಮ್ಯಾಟ್ ಹಾಸಿದವರು ಅದನ್ನು ಎತ್ತಿ ಅಡಿಯ ನೆಲವನ್ನೂ ತೊಳೆಯಬೇಕು.

ಹಳೆಯ ಕೊಟ್ಟಿಗೆಯ ಸುಧಾರಣೆ

ಎಲ್ಲರಿಗೂ ಹೊಸದಾಗಿ ಕಟ್ಟಿಸುವ ಶಕ್ತಿಯಿರುವುದಿಲ್ಲ. ಸಾಲ ಮಾಡಿ ಕಟ್ಟಿಸಬೇಕಾದ ಅಗತ್ಯವೂ ಇಲ್ಲ. ಮಾಡಿನ ಭಾರ ಹೊರದ ಕಡೆ ಗೋಡೆಯ ಮೇಲ್ಭಾಗ ತೆಗೆದರೆ ಗಾಳಿಯಾಡುತ್ತದೆ. ಹಿತ್ತಲಿನ ಮರದ ನೆರಳಿಗೆ ಬಿದಿರಿನ ಬೇಲಿ ಹಾಕಿ, ನೀರಿನ ತೊಟ್ಟಿಯಿಟ್ಟು, ಹಗಲಿನಲ್ಲಿ ಹಸುವನ್ನು ಬಿಚ್ಚಿ ಬಿಡಬಹುದು. ಬೆಳಿಗ್ಗೆ, ಸಂಜೆ ಅಲ್ಲಿ ನಿಗಾ ಇಟ್ಟರೆ ಬೆದೆಯೂ ತಿಳಿಯುತ್ತದೆ.

ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆಯ ರಂಧ್ರ ತೆರೆದಿರುತ್ತದೆ. ಆಗ ಗೋದಲಿಗೆ ಹಸಿಮೇವು ಹಾಕಿದರೆ ಹಸು ಮಲಗದೆ ನಿಂತೇ ಮೇಯುತ್ತದೆ. ಕಾಸು ಖರ್ಚಿಲ್ಲದ ಈ ಕ್ರಮವನ್ನು ಹೈನುಗಾರರು ಇಂದಿನಿಂದಲೇ ಆರಂಭಿಸಬಹುದು.