ಹಳೇ ರೆಕಾರ್ಡರ್ ಎಸೆಯುವ ಮುನ್ನ

ನಮ್ಮ ವಯಸ್ಸಿನವರಿಗೆ ಡಿವಿಡಿ ಅಂದರೆ ಅಟ್ಟದ ಮೇಲಿನ ಸಾಮಾನು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಸಿನಿಮಾ, ಹಾಡು, ಲೆಕ್ಚರ್ ಎಲ್ಲವೂ ಫೋನಿನಲ್ಲೇ ಸಿಗುವಾಗ ಡಿಸ್ಕಿನ ಗೊಡವೆ ಯಾರಿಗೆ ಬೇಕು ಹೇಳಿ? ಆದರೂ ನಿಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಕೆಳಗೆ, ಬೀರುವಿನ ತಲೆಯ ಮೇಲೆ ಒಮ್ಮೆ ಕಣ್ಣಾಡಿಸಿ. ಅಪ್ಪ ಅಮ್ಮನ ಮದುವೆ, ಅಕ್ಕನ ನಾಮಕರಣ, ಮನೆಯ ಗೃಹಪ್ರವೇಶ ಇವೆಲ್ಲ ಯಾವುದೋ ಕ್ಯಾಸೆಟ್ಟಿನಲ್ಲಿ ಅಥವಾ ಡಿಸ್ಕಿನಲ್ಲಿ ಕೂತಿರುತ್ತವೆ. ಅವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ನಮ್ಮ ಸೋದರಮಾವ ಅರಸೀಕೆರೆಯಲ್ಲಿ ಸಣ್ಣದೊಂದು ವಿಡಿಯೊ ಸ್ಟುಡಿಯೊ ಇಟ್ಟಿದ್ದರು. 2008ರಲ್ಲಿ ಅವರು ಡಿವಿಡಿ ರೆಕಾರ್ಡರ್ ಕೊಂಡರು. ಮದುವೆ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿ ಕೊಡುವುದೇ ಅದರ ಕೆಲಸ. ಅಂಗಡಿ ಮುಚ್ಚಿದಾಗ ರೆಕಾರ್ಡರ್, ಒಂದು ವಿಸಿಆರ್, ಒಂದು ರಟ್ಟಿನ ಪೆಟ್ಟಿಗೆ ಕ್ಯಾಸೆಟ್ಟು ಮತ್ತು 23 ಡಿಸ್ಕುಗಳು ನಮ್ಮ ಮನೆ ಸೇರಿದವು. ಕಳೆದ ರಜೆಯಲ್ಲಿ ಅದನ್ನು ನನ್ನ ಕೈಗೆ ಕೊಟ್ಟು ಮಾವ ಹೇಳಿದ್ದು ಇಷ್ಟೇ: ‘ಇಸಿ ಓದ್ತಿದ್ದೀಯಲ್ಲ, ನೋಡಪ್ಪ. ಆಗದಿದ್ರೆ ಗುಜರಿಗೆ ಹಾಕೋಣ.’

ಗುಜರಿಗೆ ಹಾಕುವುದು ಸುಲಭ. ಆದರೆ ಆ 23 ಡಿಸ್ಕುಗಳು ಬೇರೆ ಯಾವ ಪ್ಲೇಯರಿನಲ್ಲೂ ಓಡುತ್ತಿರಲಿಲ್ಲ. ಕಾರಣ ಹುಡುಕುತ್ತಾ ಹೋದಾಗ ಗೊತ್ತಾದ ಸಂಗತಿಗಳು ನಿಮಗೂ ಉಪಯೋಗಕ್ಕೆ ಬರಬಹುದು.

ಏನಿದು ರೆಕಾರ್ಡರ್?

ಡಿವಿಡಿ ಪ್ಲೇಯರ್ ಡಿಸ್ಕನ್ನು ಓದುತ್ತದೆ ಅಷ್ಟೇ. ರೆಕಾರ್ಡರ್ ಬರೆಯುತ್ತದೆ ಕೂಡ. ವಿಸಿಆರ್ ಹೇಗೆ ಟಿ.ವಿ. ಕಾರ್ಯಕ್ರಮವನ್ನು ಟೇಪಿಗೆ ಇಳಿಸುತ್ತಿತ್ತೋ ಹಾಗೆ ಇದು ಡಿಸ್ಕಿಗೆ ಇಳಿಸುತ್ತದೆ. 1999ರ ಕೊನೆಯಲ್ಲಿ ಪಯನಿಯರ್ ಕಂಪನಿ ಜಪಾನಿನಲ್ಲಿ ಮನೆಬಳಕೆಯ ಡಿವಿಡಿ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು.

ಸಾಮಾನ್ಯ ಡಿಸ್ಕಿನಲ್ಲಿ 4.7 ಜಿಬಿ ಜಾಗ. ಅದರಲ್ಲಿ ಎಷ್ಟು ಹೊತ್ತು ರೆಕಾರ್ಡ್ ಆಗುತ್ತದೆ ಎಂಬುದು ನಾವು ಆರಿಸುವ ಮೋಡ್ ಮೇಲೆ ನಿಂತಿದೆ. ಎಕ್ಸ್‌ಪಿ ಎಂದರೆ ಒಂದು ಗಂಟೆ, ಎಸ್‌ಪಿ ಎರಡು, ಎಲ್‌ಪಿ ನಾಲ್ಕು, ಇಪಿ ಆರು ಗಂಟೆ. ಲೆಕ್ಕ ಹಾಕಿದರೆ ಎಸ್‌ಪಿಯಲ್ಲಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ. ಇಪಿಯಲ್ಲಿ 2 ಮೆಗಾಬಿಟ್ಟೂ ಇಲ್ಲ. ಧಾರೆ ಎರೆಯುವಾಗ ಎಲ್ಲರ ಮುಖವೂ ಚೌಕ ಚೌಕವಾಗಿ ಕಂಡರೆ, ಒಂದೇ ಡಿಸ್ಕಿನಲ್ಲಿ ಇಡೀ ಮದುವೆ ತುಂಬಿಸಿದ್ದಾರೆ ಎಂದೇ ತಿಳಿಯಿರಿ. ಅದು ರಿಪೇರಿಯಿಂದ ಸರಿಹೋಗುವ ದೋಷವಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ನಮ್ಮ ರೆಕಾರ್ಡರಿಗೆ ಮೂರು ಕಾಯಿಲೆ. ಸ್ವಿಚ್ ಹಾಕಿದರೆ ಕೆಂಪು ದೀಪ ಮಿಣುಕಿ ಆರುವುದು, ನಾಲ್ಕೈದು ಸಲ ಹಾಕಿದ ಮೇಲೆ ಏಳುವುದು. ಎದ್ದರೂ ಸುಮಾರು ನಲವತ್ತು ನಿಮಿಷಕ್ಕೆ ರೆಕಾರ್ಡಿಂಗ್ ನಿಲ್ಲುವುದು. ನಿಲ್ಲದೆ ಮುಗಿದರೂ ಐದು ಡಿಸ್ಕಿನಲ್ಲಿ ಎರಡಕ್ಕೆ ‘ಡಿಸ್ಕ್ ಎರರ್’ ಬರುವುದು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ‘ಆ ಮಾಡೆಲ್‌ಗೆ ಪಾರ್ಟ್ಸ್ ಬರಲ್ಲ ಸರ್’ ಎಂಬ ಉತ್ತರ.

ಲ್ಯಾಬಿನಲ್ಲಿ ನಮಗೆ ಹೇಳಿಕೊಡುವ ಮೊದಲ ಪಾಠ ಇಲ್ಲಿ ಕೈಹಿಡಿಯಿತು. ಲೆನ್ಸ್ ಒರೆಸಿ, ಡಿಸ್ಕ್ ಬದಲಿಸಿ, ಕೇಬಲ್ಲನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟೆ. ದಿನಾಂಕ, ಹೊತ್ತು, ಯಾವ ಡಿಸ್ಕ್, ಯಾವ ಮೋಡ್, ಎಷ್ಟು ನಿಮಿಷ ಓಡಿತು, ಏನು ಬದಲಿಸಿದೆ. ಹತ್ತು ಸಾಲು ತುಂಬುವಷ್ಟರಲ್ಲಿ ಒಂದು ವಿಷಯ ಎದ್ದು ಕಂಡಿತು. ಬೆಳಿಗ್ಗೆ ಹಾಕಿದ ರೆಕಾರ್ಡಿಂಗ್ ಹೆಚ್ಚು ಹೊತ್ತು ಓಡುತ್ತಿತ್ತು, ಮಧ್ಯಾಹ್ನದ್ದು ಬೇಗ ನಿಲ್ಲುತ್ತಿತ್ತು. ಅಂದರೆ ಸಮಸ್ಯೆ ಡಿಸ್ಕಿನದಲ್ಲ, ಶಾಖದ್ದು.

ಕರೆಂಟು, ಶಾಖ, ಬೆಳಕು

ಯಾವ ರೆಕಾರ್ಡರ್ ಕೈಕೊಟ್ಟರೂ ಈ ಮೂರನ್ನು ಇದೇ ಕ್ರಮದಲ್ಲಿ ನೋಡುವುದು ಒಳ್ಳೆಯದು.

ಮೊದಲನೆಯದು ಕರೆಂಟು. ಪವರ್ ಸಪ್ಲೈ ಬೋರ್ಡಿನಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ವರ್ಷಗಳ ಶಾಖಕ್ಕೆ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ನಾವು ಓದುವ ಅಂದಾಜು ಲೆಕ್ಕ. ಕೆಟ್ಟ ಕೆಪಾಸಿಟರಿನ ನೆತ್ತಿ ಪೂರಿಯಂತೆ ಉಬ್ಬಿರುತ್ತದೆ, ಕೆಲವೊಮ್ಮೆ ಕಂದು ಅಂಟು ಸೋರಿರುತ್ತದೆ. ನಮ್ಮದರಲ್ಲಿ ಎರಡು ಉಬ್ಬಿದ್ದವು. ಬೆಲೆ ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ. ಆದರೆ ಇಲ್ಲಿ ಒಂದು ಎಚ್ಚರಿಕೆ. 230 ವೋಲ್ಟ್ ಎಸಿ ನೇರವಾಗಿ ಡಿಸಿ ಆದಾಗ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಅಭ್ಯಾಸವಿಲ್ಲದವರು ಈ ಬೋರ್ಡ್ ಮುಟ್ಟಲೇಬಾರದು. ನಾನೂ ನಮ್ಮ ಬೀದಿಯ ಟಿ.ವಿ. ರಿಪೇರಿ ಅಣ್ಣನ ಹತ್ತಿರವೇ ಹೋದೆ. ‘ಮೀಟರ್ ಹಿಡಿಯೋದು ಆಮೇಲೆ ತಮ್ಮಾ, ಮೊದಲು ಡಿಸ್ಚಾರ್ಜ್ ಮಾಡೋದು ಕಲಿ’ ಎಂದು ಬೈದೇ ಹೇಳಿಕೊಟ್ಟರು. ಕಾಲೇಜಿನ ನಾಲ್ಕು ಗಂಟೆಯ ಲ್ಯಾಬಿಗೆ ಸಮ ಅದು.

ಎರಡನೆಯದು ಶಾಖ. ಹಿಂಬದಿಯ ಸಣ್ಣ ಫ್ಯಾನ್ ಧೂಳು ಕಟ್ಟಿ ತಿರುಗುವುದನ್ನೇ ಬಿಟ್ಟಿತ್ತು. ಅದೇ ಅಳತೆಯ 12 ವೋಲ್ಟ್ ಫ್ಯಾನ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಕ್ಕಿತು. ಹಾಕಿದ ದಿನವೇ ಎರಡು ಗಂಟೆಯ ರೆಕಾರ್ಡಿಂಗ್ ನಿಲ್ಲದೆ ಮುಗಿಯಿತು. ನಿಮ್ಮ ರೆಕಾರ್ಡರಿನ ಮೇಲೆ ಸೆಟ್‌ಟಾಪ್ ಬಾಕ್ಸ್ ಇಟ್ಟು, ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ.

ಮೂರನೆಯದು ಬೆಳಕು, ಅಂದರೆ ಲೇಸರ್. ಡಿವಿಡಿಯ ಕೆಂಪು ಲೇಸರಿನ ತರಂಗಾಂತರ ಸುಮಾರು 650 ನ್ಯಾನೊಮೀಟರ್. ಅದು ಓಡುವ ಜಾಡುಗಳ ನಡುವಿನ ಅಂತರ 0.74 ಮೈಕ್ರೊಮೀಟರ್, ನಮ್ಮ ಕೂದಲಿನ ದಪ್ಪದ ನೂರನೇ ಒಂದು ಭಾಗದಷ್ಟು. ಅಂಥ ಕಡೆ ಲೆನ್ಸಿನ ಮೇಲೆ ಒಂದು ಪದರ ಧೂಳು ಕೂತರೂ ಸಾಕು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ಒದ್ದೆ ಮಾಡಿದ ಹತ್ತಿಕಡ್ಡಿಯಿಂದ, ಪ್ಲಗ್ ಕಿತ್ತು, ಒತ್ತಡ ಹಾಕದೆ ಒರೆಸಬೇಕು. ಮುಚ್ಚಳ ತೆಗೆದಿಟ್ಟು ಮಷೀನ್ ಆನ್ ಮಾಡಿ ಲೇಸರಿನ ಕಡೆ ನೋಡಲೇಬಾರದು.

ಓದುವುದಕ್ಕೆ ಬೇಕಾದ ಲೇಸರ್ ಶಕ್ತಿಗಿಂತ ಬರೆಯುವುದಕ್ಕೆ ಹಲವು ಪಟ್ಟು ಹೆಚ್ಚು ಬೇಕು. ಡಿಸ್ಕಿನೊಳಗಿನ ಬಣ್ಣದ ಪದರವನ್ನು ಸುಟ್ಟು ಗುರುತು ಮಾಡಬೇಕಲ್ಲ! ಹಾಗಾಗಿ ಲೇಸರ್ ಮುದಿಯಾದಾಗ ಮೊದಲು ಕೆಡುವುದು ರೆಕಾರ್ಡಿಂಗ್. ಪ್ಲೇ ಆಗುವುದು ಮಾತ್ರ ಚೆನ್ನಾಗಿಯೇ ಇರುತ್ತದೆ. ‘ಸಿನಿಮಾ ಓಡ್ತಿದೆ, ಮಷೀನ್ ಸರಿ ಇದೆ, ಡಿಸ್ಕೇ ಕಳಪೆ’ ಎಂದು ಡಿಸ್ಕಿನ ಮೇಲೆ ಡಿಸ್ಕ್ ಕೊಳ್ಳುವ ಮುಂಚೆ ಇದು ನೆನಪಿರಲಿ.

ಹಾಗಂತ ಡಿಸ್ಕಿನ ತಪ್ಪೇ ಇರುವುದಿಲ್ಲ ಎಂದಲ್ಲ. ಹಳೇ ರೆಕಾರ್ಡರಿಗೆ ಆಮೇಲೆ ಬಂದ 16 ಎಕ್ಸ್ ವೇಗದ ಡಿಸ್ಕುಗಳ ಪರಿಚಯವೇ ಇಲ್ಲದಿರಬಹುದು. ಕೆಲವು ಮಷೀನಿಗೆ ಮೈನಸ್ ಆರ್ ಆಗುತ್ತದೆ, ಪ್ಲಸ್ ಆರ್ ಆಗುವುದಿಲ್ಲ. ಎರಡು ಬೇರೆ ಬೇರೆ ಕಂಪನಿಯ ಡಿಸ್ಕಿನಲ್ಲಿ ಪರೀಕ್ಷಿಸಿ. ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕ್ ಇದ್ದರೆ ಪ್ರಯೋಗದ ಖರ್ಚು ಉಳಿಯುತ್ತದೆ. ನಮ್ಮ ಮಷೀನ್ ಎರಡರಲ್ಲೂ, ಲೆನ್ಸ್ ಒರೆಸಿದ ಮೇಲೂ, ಐದರಲ್ಲಿ ಎರಡನ್ನು ಕೆಡಿಸುತ್ತಲೇ ಹೋಯಿತು. ಅದರ ಲೇಸರಿನ ಕಾಲ ಮುಗಿಯುತ್ತಾ ಬಂದಿತ್ತು.

ಫೈನಲೈಸ್ ಆಗದ ಡಿಸ್ಕುಗಳು

ಈಗ ಆ 23 ಡಿಸ್ಕುಗಳ ಕಥೆಗೆ ಬರೋಣ. ರೆಕಾರ್ಡಿಂಗ್ ಮುಗಿದ ಮೇಲೆ ‘ಫೈನಲೈಸ್’ ಎಂಬ ಆಯ್ಕೆ ಒತ್ತಬೇಕು. ಆಗ ಮಷೀನ್ ಡಿಸ್ಕಿನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ಪರಿವಿಡಿಯನ್ನು ಬರೆದು ಮುಗಿಸುತ್ತದೆ. ಪರಿವಿಡಿ ಇಲ್ಲದ ಡಿಸ್ಕನ್ನು ಬೇರೆ ಪ್ಲೇಯರ್ ಖಾಲಿ ಎಂದೇ ತಿಳಿಯಬಹುದು. ಬರೆದ ಮಷೀನಿಗೆ ಮಾತ್ರ ಅದು ಅರ್ಥವಾಗುತ್ತದೆ. ಅಂದರೆ ಆ ರೆಕಾರ್ಡರನ್ನು ಗುಜರಿಗೆ ಹಾಕಿದ್ದರೆ 23 ಮನೆಗಳ ಸಮಾರಂಭ ಅದರ ಜೊತೆಗೇ ಹೋಗುತ್ತಿತ್ತು.

ಫೈನಲೈಸ್ ಮಾಡುವುದೂ ಬರೆಯುವ ಕೆಲಸವೇ, ಅದಕ್ಕೂ ಲೇಸರ್ ಶಕ್ತಿ ಬೇಕು. ನಡುವೆ ಕರೆಂಟ್ ಹೋದರೆ ಡಿಸ್ಕ್ ಕೆಡಬಹುದು. ಆದ್ದರಿಂದ ಬೆಳಿಗ್ಗೆ ಮಷೀನ್ ತಣ್ಣಗಿರುವಾಗ, ಯುಪಿಎಸ್‌ಗೆ ಸಿಕ್ಕಿಸಿ, ದಿನಕ್ಕೆ ಮೂರು ನಾಲ್ಕು ಡಿಸ್ಕಿನಂತೆ ಒಂದು ವಾರ ಮಾಡಿದೆ. 19 ಡಿಸ್ಕುಗಳು ಉಳಿದವು. ಉಳಿದ ನಾಲ್ಕನ್ನು ಗೆಳೆಯನ ಡೆಸ್ಕ್‌ಟಾಪ್‌ನ ಡಿವಿಡಿ ಡ್ರೈವಿನಲ್ಲಿ ಹಾಕಿ ಐಸೊಬಸ್ಟರ್ ಎಂಬ ಸಾಫ್ಟ್‌ವೇರಿನಿಂದ ಪ್ರಯತ್ನಿಸಿದೆವು. ಫೈನಲೈಸ್ ಆಗದ ಡಿಸ್ಕಿನಿಂದಲೂ ವಿಡಿಯೊ ಹೊರತೆಗೆಯಲು ಅದರಲ್ಲಿ ದಾರಿಯಿದೆ. ಮೂರು ಬಂದವು. ಒಂದು ಬರಲಿಲ್ಲ. ಅದು ಯಾರ ಮನೆಯದೋ ಸೀಮಂತ ಎಂದು ಕವರಿನ ಮೇಲೆ ಮಾವನ ಅಕ್ಷರದಲ್ಲಿದೆ.

ಬದಲಿಸುವುದಾದರೆ ಯಾವುದಕ್ಕೆ?

ಇನ್ನು ಉಳಿದದ್ದು ಕ್ಯಾಸೆಟ್ಟುಗಳು. ಅವಕ್ಕೆ ಹೊಸ ರೆಕಾರ್ಡರ್ ಕೊಳ್ಳುವುದೇ? ಅಂಗಡಿಗಳಲ್ಲಿ ಅದು ಸಿಗುವುದೇ ಅಪರೂಪ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಅದರ ಲೇಸರಿಗೂ ಅಷ್ಟೇ ವಯಸ್ಸು. ಟಿ.ವಿ. ಕಾರ್ಯಕ್ರಮ ರೆಕಾರ್ಡ್ ಮಾಡಲೂ ಅದರೊಳಗಿನ ಟ್ಯೂನರ್ ಈಗ ಕೆಲಸಕ್ಕೆ ಬಾರದು. ಬೆಂಗಳೂರು, ಮೈಸೂರಿನಲ್ಲಿ ಕೇಬಲ್ ಡಿಜಿಟಲ್ ಆಗಲು 2013ರ ಮಾರ್ಚ್ ಗಡುವಾಗಿತ್ತು. ಆಮೇಲೆ ಎಲ್ಲವೂ ಸೆಟ್‌ಟಾಪ್ ಬಾಕ್ಸಿನ ಮೂಲಕವೇ. ಇನ್ನು ವಿಸಿಆರ್ ತಯಾರಿಕೆಯನ್ನು ಜಪಾನಿನ ಫುನೈ ಕಂಪನಿ 2016ರಲ್ಲಿ ನಿಲ್ಲಿಸಿತು. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಡಿಸ್ಕಿನಿಂದ ಡಿಸ್ಕಿಗೆ ಹೋಗುವ ದಾರಿ ಮುಚ್ಚುತ್ತಿದೆ.

ಹಾಗಾಗಿ ನಾವು ಆರಿಸಿದ್ದು ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಸಾಧನ. ಬೆಲೆ ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದವರೆಗೆ. ವಿಸಿಆರ್‌ನ ಹಳದಿ, ಕೆಂಪು, ಬಿಳಿ ತಂತಿಗಳನ್ನು ಅದಕ್ಕೆ ಸಿಕ್ಕಿಸಿ, ಲ್ಯಾಪ್‌ಟಾಪ್‌ನಲ್ಲಿ ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ತೆರೆದು, ಪಿಎಎಲ್ ಎಂದು ಆರಿಸಿದರೆ ಸಾಕು. ಎರಡು ಗಂಟೆಯ ಟೇಪಿಗೆ ಎರಡು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಎಸ್‌ಪಿ ಮೋಡಿನಷ್ಟೇ ಗುಣಮಟ್ಟವಾದರೆ 64 ಜಿಬಿ ಪೆನ್‌ಡ್ರೈವಿನಲ್ಲಿ ಸುಮಾರು 25 ಗಂಟೆ ಹಿಡಿಯುತ್ತದೆ.

ಹಳೇ ರೆಕಾರ್ಡರ್ ಆಗಲೂ ಕೆಲಸಕ್ಕೆ ಬಂತು. ಸವೆದ ಟೇಪಿನ ಚಿತ್ರ ಅಲುಗಾಡುತ್ತದೆ, ಕ್ಯಾಪ್ಚರ್ ಸಾಧನ ತಡವರಿಸುತ್ತದೆ. ವಿಸಿಆರ್ ಮತ್ತು ಲ್ಯಾಪ್‌ಟಾಪ್ ನಡುವೆ ರೆಕಾರ್ಡರನ್ನು ಸೇರಿಸಿದರೆ, ಕೆಲವು ಮಾಡೆಲ್‌ಗಳು ಆ ಸಿಗ್ನಲನ್ನು ಸರಿಪಡಿಸಿ ಮುಂದಕ್ಕೆ ಕಳಿಸುತ್ತವೆ. ಅದಕ್ಕೆ ಲೇಸರ್ ಬೇಕೇ ಇಲ್ಲ. ನಮ್ಮದು ಅಂಥ ಮಾಡೆಲ್.

ಅಮ್ಮನ ಮದುವೆಯ ಕ್ಯಾಸೆಟ್ ಹಾಗೆಯೇ ಬಂತು. 2001ರ ಮದುವೆ ಅದು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ ಪಂಕ್ತಿಯ ನಡುವೆ ಓಡಾಡುತ್ತಾ ‘ಏಳ್ರಪ್ಪ ಊಟಕ್ಕೆ, ಹೊತ್ತಾಯ್ತು’ ಎನ್ನುತ್ತಾರೆ. ಅವರ ದನಿ ಇರುವುದು ಅಲ್ಲಿ ಮಾತ್ರ, ಆರೋ ಏಳೋ ಸೆಕೆಂಡು. ಅಮ್ಮ ಅದನ್ನು ಫೋನಿಗೆ ಹಾಕಿಸಿಕೊಂಡಿದ್ದಾರೆ.

ನಿಮ್ಮ ಮನೆಯಲ್ಲೂ ಇದ್ದರೆ

ಇಂಟರ್‌ವ್ಯೂಗಳಲ್ಲಿ ‘ನೀವು ಬಿಡಿಸಿದ ಒಂದು ಸಮಸ್ಯೆ ಹೇಳಿ’ ಎಂದು ಕೇಳುತ್ತಾರೆಂದು ಸೀನಿಯರ್‌ಗಳು ಹೇಳುತ್ತಿರುತ್ತಾರೆ. ಅದಕ್ಕೆ ದೊಡ್ಡ ಪ್ರಾಜೆಕ್ಟೇ ಬೇಕಿಲ್ಲ. ಕೆಟ್ಟ ಒಂದು ಉಪಕರಣ, ಒಂದು ನೋಟ್‌ಬುಕ್, ರಿಪೇರಿ ಅಂಗಡಿಯ ಅಣ್ಣನೊಬ್ಬರ ಸಹವಾಸ ಇದ್ದರೆ ಹೇಳಿಕೊಳ್ಳಲು ನಿಜವಾದ ಉತ್ತರ ಸಿಗುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಶುರುಮಾಡಿದೆ. ಅಂದರೆ ರಿಪೇರಿ ನಾವು ಕೇಳಿ ಪಡೆಯಬೇಕಾದ ಸೌಲಭ್ಯ ಎಂಬ ಮಾತಿಗೆ ಈಗ ಬಲ ಬಂದಿದೆ.

ಮುಂದಿನ ರಜೆಯಲ್ಲಿ ಮನೆಗೆ ಹೋದಾಗ ಮೊದಲು ಡಿಸ್ಕುಗಳನ್ನು ಎಣಿಸಿ. ಯಾವುದು ಬೇರೆ ಪ್ಲೇಯರಿನಲ್ಲಿ ಓಡುವುದಿಲ್ಲವೋ ಅದನ್ನು ಪಕ್ಕಕ್ಕಿಡಿ. ಅದನ್ನು ಬರೆದ ಮಷೀನ್ ಇನ್ನೂ ಉಸಿರಾಡುತ್ತಿದ್ದರೆ ಫೈನಲೈಸ್ ಮಾಡಿ. ಆಮೇಲೆ ಕಂಪ್ಯೂಟರಿಗೆ ನಕಲು ಮಾಡಿ, ಮೂರು ಪ್ರತಿ ಇಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಮಲೆನಾಡು, ಕರಾವಳಿಯವರು ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿದೆಯೇ ನೋಡಿ, ಹಿಡಿದಿದ್ದರೆ ಒರೆಸದೆ ವಿಸಿಆರಿಗೆ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೆ ರೆಕಾರ್ಡರ್ ಬೇಡವೆನಿಸಿದರೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ, ಕಸದ ಗಾಡಿಗಲ್ಲ. ನಮ್ಮದನ್ನು ಇನ್ನೂ ಕೊಟ್ಟಿಲ್ಲ. ಮಾವನ ಪೆಟ್ಟಿಗೆಯಲ್ಲಿ ಇನ್ನೂ ಹದಿನಾಲ್ಕು ಕ್ಯಾಸೆಟ್ಟುಗಳಿವೆ.