ಅಜ್ಜಿಯೊಡನೆ ಜಲವಿಹಾರ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ಆದರೆ ಕಾಲಿನ ಬಲ ಕುಂದಿದವರು ದೇಶ ಸುತ್ತುವುದು ಹೇಗೆಂದು ವಿಚಾರಿಸುವವರು ಕಡಿಮೆ. ಪ್ರವಾಸದ ಮಾತು ಬಂದೊಡನೆ ಅಂಥವರು ತಾವಾಗಿಯೇ, “ನೀವೆಲ್ಲಾ ಹೋಗಿ ಬರ್ರಿ, ನಾ ಮನಿ ಕಾಯ್ತೀನಿ” ಎಂದುಬಿಡುತ್ತಾರೆ. ಉಳಿದವರು ಅದನ್ನೇ ಅವರ ಇಚ್ಛೆಯೆಂದು ಭಾವಿಸುತ್ತಾರೆ. ಸೊಂಟದ ಎಲುಬು ಮುರಿದ ಮೇಲೆ ನನ್ನ ಅಜ್ಜಿಯೂ ಮೂರು ವರ್ಷ ಹೀಗೆಯೇ ಮನೆ ಕಾಯ್ದಳು.

ನಮ್ಮದು ಖಾನಾಪುರ ತಾಲೂಕು. ಇಲ್ಲಿಯ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯು ಘಟ್ಟವನ್ನಿಳಿದು, ಗೋವೆಯಲ್ಲಿ ಮಾಂಡೋವಿ ಎಂಬ ಹೆಸರು ತಾಳಿ, ಪಣಜಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. “ನಮ್ಮ ಹೊಳಿ ಸಮುದ್ರ ಕೂಡೂದು ಒಮ್ಮೆ ನೋಡಬೇಕು” ಎಂದು ಅಜ್ಜಿ ಒಂದು ದಿನ ನುಡಿದಳು. ಅಷ್ಟೇ ಸಾಕಾಯಿತು. ಮನೆಯ ಐವರೂ ಹೊರಡುವುದೆಂದು ನಿಶ್ಚಯವಾಯಿತು. ಏರ್ಪಾಡಿನ ಭಾರ ನನ್ನ ಮೇಲೆ ಬಿತ್ತು. ಏಕೆಂದರೆ ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವಳು ನಾನೊಬ್ಬಳೇ.

ಇಂಥ ಪ್ರವಾಸದಲ್ಲಿ ಹಾದಿಯನ್ನು ಮೈಲಿಗಳಲ್ಲಿ ಅಳೆದರೆ ಪ್ರಯೋಜನವಿಲ್ಲ, ಮೆಟ್ಟಿಲುಗಳಲ್ಲಿ ಅಳೆಯಬೇಕು. ನೂರು ಮೈಲಿಯ ದಾರಿ ಅಜ್ಜಿಗೆ ಕಷ್ಟವಲ್ಲ, ರೈಲಿನ ಮೂರು ಮೆಟ್ಟಿಲು ಕಷ್ಟ. ಆದುದರಿಂದ ಹೊರಡುವ ಮುನ್ನ ನಾನು ಅವಳನ್ನೇ ಕೇಳಿ ಬರೆದುಕೊಂಡೆ: ಎಷ್ಟು ಹೆಜ್ಜೆ ನಡೆಯಬಲ್ಲೆ, ಎಷ್ಟು ಹೊತ್ತು ಕೂಡಬಲ್ಲೆ, ಎಷ್ಟು ಹೊತ್ತಿಗೊಮ್ಮೆ ಶೌಚಕ್ಕೆ ಹೋಗಬೇಕು? ಮೂರನೆಯ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಊರು ಬಿಟ್ಟು ಹೊರಡಲು ಹೆದರುತ್ತಿದ್ದುದು ಮುಖ್ಯವಾಗಿ ಅದಕ್ಕೇ.

ಬೆಳಗಾವಿಯಿಂದ ಗೋವೆಗೆ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ರೈಲುಂಟು. ಕ್ಯಾಸಲ್‌ರಾಕ್‌ನಿಂದ ಘಟ್ಟವಿಳಿಯುವ ಈ ದಾರಿ 1888ರಲ್ಲಿ ತೆರೆಯಿತು. ಇದರ ಗುಣವೆಂದರೆ, ದೂಧಸಾಗರ ಜಲಪಾತವನ್ನು ಕುಳಿತಲ್ಲಿಂದಲೇ ಕಿಟಕಿಯಲ್ಲಿ ನೋಡಬಹುದು. ಹಿರಿಯ ನಾಗರಿಕರಿಗಿದ್ದ ಟಿಕೀಟಿನ ರಿಯಾಯಿತಿಯನ್ನು 2020ರ ಮಾರ್ಚಿಯಲ್ಲಿ ನಿಲ್ಲಿಸಲಾಯಿತು. ಆದರೆ ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ಸ್ಲೀಪರ್ ದರ್ಜೆಯಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ಜೊತೆಗಾರ ಒಬ್ಬರಿಗೂ ಅಷ್ಟೇ. ಇದಕ್ಕೆ ಸರಕಾರಿ ವೈದ್ಯರು ನಿಗದಿಯಾದ ನಮೂನೆಯಲ್ಲಿ ಕೊಟ್ಟ ಪ್ರಮಾಣಪತ್ರ ಬೇಕು. ಕೆಳಗಿನ ಬರ್ತನ್ನು ಟಿಕೀಟು ತೆಗೆಸುವಾಗಲೇ ಕೇಳಬೇಕು. ಗಾಲಿಕುರ್ಚಿಗಾಗಿ ಸ್ಟೇಷನ್ ಮಾಸ್ತರರನ್ನು ಮೊದಲೇ ಕಾಣಬೇಕು. ನಾವು ಮಡಗಾಂವದಲ್ಲಿ ಇಳಿದು ಮೋಟಾರಿನಲ್ಲಿ ಪಣಜಿ ಸೇರಿದೆವು. ಮೋಟಾರಿನಲ್ಲಿ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಮೊದಲು ಕೂಡಿಸಿ, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಿದರೆ ಸೊಂಟಕ್ಕೆ ನೋವು ಕಡಿಮೆ.

ಇನ್ನು ಜಲವಿಹಾರ. ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೆ ವಿಹಾರದೋಣಿಗಳು ಹೊರಡುತ್ತವೆ. ಸುಮಾರು ಒಂದು ತಾಸಿನ ಸುತ್ತು. ಹಾಡು, ಕುಣಿತಗಳೂ ಉಂಟು. ಆದರೆ ಅಂತಸ್ತುಗಳುಳ್ಳ ದೋಣಿಯಲ್ಲಿ ಮೇಲಂತಸ್ತಿಗೆ ಏಣಿಮೆಟ್ಟಿಲು ಹತ್ತಬೇಕು. ಮತ್ತೊಂದು ಸೂಕ್ಷ್ಮವಿದೆ. ಸಮುದ್ರದ ಭರತ ಇಳಿತಗಳು ನದಿಯ ಈ ಭಾಗದವರೆಗೂ ಬರುತ್ತವೆ. ನೀರು ಇಳಿದಾಗ ದೋಣಿಯೂ ಕೆಳಗಿಳಿಯುವುದರಿಂದ ಹತ್ತುವ ಹಲಗೆ ಕಡಿದಾಗುತ್ತದೆ. ಆದುದರಿಂದ ಟಿಕೀಟು ಕೊಳ್ಳುವ ಮೊದಲೇ ಜೆಟ್ಟಿಗೆ ಹೋಗಿ ಹಲಗೆಯನ್ನು ಕಣ್ಣಾರೆ ನೋಡಬೇಕು.

ನಾವು ನೋಡಿದ ಹೊತ್ತಿಗೆ ಹಲಗೆ ಕಡಿದಾಗಿತ್ತು. ಅಜ್ಜಿ ತಲೆಯಾಡಿಸಿದಳು. ಆಗ ಪಣಜಿಯಿಂದ ಆಚೆ ದಡದ ಬೆತಿಮ್‌ಗೆ ಹೋಗುವ ಫೆರಿಯನ್ನು ಆರಿಸಿದೆವು. ಇದರ ಮುಂಬದಿಯ ಅಗಲವಾದ ಕಬ್ಬಿಣದ ಬಾಗಿಲು ದಡದ ಇಳಿಜಾರಿನ ಮೇಲೆ ಮಲಗುತ್ತದೆ. ಮೋಟಾರುಗಳು ಹೋಗುವ ದಾರಿಯಲ್ಲಿಯೇ ಗಾಲಿಕುರ್ಚಿಯೂ ಹೋಗುತ್ತದೆ. ಒಂದು ಮೆಟ್ಟಿಲೂ ಇಲ್ಲ. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ನಿಂತೊಡನೆ ಎರಡೂ ಬ್ರೇಕು ಹಾಕಬೇಕು. ವಾಹನಗಳೆಲ್ಲ ಹತ್ತಿ ನಿಂತ ಬಳಿಕ ಏರುವುದು ಕ್ಷೇಮ. ದಾಟುವುದಕ್ಕೆ ಕೆಲವೇ ನಿಮಿಷ. ನಾವು ಎರಡು ಸಲ ಹೋಗಿ ಬಂದೆವು. ಅಜ್ಜಿ ಪಶ್ಚಿಮದ ಕಡೆ ಮುಖಮಾಡಿ, ನದಿ ಅಗಲವಾಗುತ್ತ ಹೋಗುವುದನ್ನು ನೋಡುತ್ತ ಕುಳಿತಳು. “ಹೊಳಿ ಎಷ್ಟ್ ದೊಡ್ಡದಾಗೇದ ನೋಡವಾ, ನಮ್ಮಲ್ಲಿ ಹಾರಿ ದಾಟತಿದ್ವಿ” ಎಂದಳು.

ಸಹಾಯಮಾಡುವವರಿಗೂ ಒಂದು ಮಾತು. ದಾರಿಹೋಕರು ಮಮತೆಯಿಂದಲೇ ಓಡಿಬಂದು ರಟ್ಟೆ ಹಿಡಿದು ಎತ್ತುತ್ತಾರೆ. ಇದರಿಂದ ನೋವಾಗುವುದುಂಟು, ಮಾನಕ್ಕೂ ಪೆಟ್ಟು. ಎತ್ತುವ ಮೊದಲು ಕೇಳಬೇಕು. ಜೊತೆಯವರನ್ನಲ್ಲ, ಕುರ್ಚಿಯಲ್ಲಿ ಕುಳಿತವರನ್ನು.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಬಸ್ಸು ಹಾಗೂ ರೈಲು ನಿಲ್ದಾಣಗಳಲ್ಲಿ ಇವರಿಗೆ ಸುಗಮ ಪ್ರವೇಶವಿರಬೇಕೆಂದು ವಿಧಿಸಿದೆ. ಇದು ದಾನವಲ್ಲ, ಹಕ್ಕು. ಆದರೆ ಕಾಯಿದೆ, ರಿಯಾಯಿತಿ, ನಮೂನೆ ಎಲ್ಲವೂ ಅಕ್ಷರದಲ್ಲಿವೆ; ಅಕ್ಷರ ಕಲಿಯದ ಮನೆಗೆ ಅವು ತಾವಾಗಿ ಬರುವುದಿಲ್ಲ. ಅಜ್ಜಿಯ ಅರ್ಜಿಯನ್ನು ತುಂಬಿದ ಮೇಲೆ ನಮ್ಮ ಓಣಿಯ ಇನ್ನಿಬ್ಬರದನ್ನು ತುಂಬಿಕೊಟ್ಟಿದ್ದೇನೆ. ಪ್ರತಿಯೊಂದಕ್ಕೂ ಅರ್ಧ ತಾಸು ಹಿಡಿಯಿತು. ನಮ್ಮ ಕಾಲೇಜಿನ ಮಿತ್ರರು ರಜೆಗೆ ಊರಿಗೆ ಹೋದಾಗ ತಮ್ಮ ಓಣಿಯಲ್ಲೊಮ್ಮೆ ವಿಚಾರಿಸಿದರೆ, ಮನೆ ಕಾಯುತ್ತ ಕುಳಿತ ಎಷ್ಟೋ ಜನರಿಗೆ ಹೊರಡುವ ದಾರಿ ತೆರೆದೀತು.