ಹಬೆಗೊಂದು ದಾರಿ: ಕರಾವಳಿಯ ಪುಟ್ಟ ಅಡುಗೆಮನೆ

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯ ಅಡುಗೆಮನೆಗಳಲ್ಲಿ ಭರಣಿಯ ಉಪ್ಪು ನೀರಾಗುತ್ತದೆ, ಕಪಾಟಿನ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ. ಏಕೆ? ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ದಾಟಿದರೆ ಉಪ್ಪು ತೇವವನ್ನು ಹೀರಿ ಕರಗತೊಡಗುತ್ತದೆ. ಜುಲೈ ತಿಂಗಳ ಕರಾವಳಿಯಲ್ಲಿ ಆರ್ದ್ರತೆ ಸಾಮಾನ್ಯವಾಗಿ ಅದಕ್ಕೂ ಹೆಚ್ಚು.

ಇದರ ಮೇಲೆ ಅಡುಗೆಯ ಹಬೆ. ಅಡುಗೆ ಅನಿಲದಲ್ಲಿರುವ ಹೈಡ್ರೋಜನ್ ಉರಿಯುವಾಗ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಒಂದು ಕಿಲೋ ಅನಿಲದಿಂದ ಸುಮಾರು ಒಂದೂವರೆ ಕಿಲೋ ನೀರಾವಿ! ಚಿಕ್ಕ ಕೋಣೆಯಲ್ಲಿ ಅದು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುತ್ತದೆ. ಆದ್ದರಿಂದ ನಕ್ಷೆಯಲ್ಲಿ ಮೊದಲು ಗಾಳಿಯ ದಾರಿಯನ್ನು ಗುರುತಿಸಿ. ಕಪಾಟುಗಳ ಮಾತು ಆಮೇಲೆ.

ಬಿಸಿಗಾಳಿ ಮೇಲೇರುವುದರಿಂದ ಎಕ್ಸಾಸ್ಟ್ ಫ್ಯಾನ್ ಒಲೆಯ ಬಳಿ, ಗೋಡೆಯ ಮೇಲ್ಭಾಗದಲ್ಲಿರಲಿ. ಗಾಳಿ ಒಳಬರುವ ಕಿಟಕಿ ಅಥವಾ ಬಾಗಿಲು ಎದುರು ದಿಕ್ಕಿನಲ್ಲಿರಲಿ. ಎರಡೂ ಪಕ್ಕಪಕ್ಕದಲ್ಲಿದ್ದರೆ ಬಂದ ಗಾಳಿ ಹಾಗೆಯೇ ಹೊರಟುಹೋಗುತ್ತದೆ, ಹಬೆ ಒಳಗೇ ಉಳಿಯುತ್ತದೆ.

ಮುಂಗಾರು ಬಡಿಯುವ ಪಡುವಣ ಗೋಡೆಗೆ ಕಪಾಟು ಬೇಡ. ಉಳಿದೆಡೆಯೂ ಗೋಡೆಗೂ ಕಪಾಟಿಗೂ ನಡುವೆ ಎರಡು ಬೆರಳಿನಷ್ಟು ಸಂದು ಬಿಡಿ. ಪಾತ್ರೆಯ ಕಪಾಟಿಗೆ ಜಾಲರಿ ಬಾಗಿಲು, ಕಡಪಾ ಕಲ್ಲಿನ ತಟ್ಟು ಒಳ್ಳೆಯದು. ಹೊರಗಿನ ಗಾಳಿಯೂ ತೇವವೇ ಆದುದರಿಂದ ಉಪ್ಪು, ಹಪ್ಪಳಗಳಿಗೆ ಬಿಗಿ ಮುಚ್ಚಳದ ಡಬ್ಬಿಯೇ ಬೇಕು.

ಒಂದು ಎಚ್ಚರಿಕೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ತಂಗುತ್ತದೆ. ಮೇಲಿನ ಫ್ಯಾನಿಗೆ ಅದು ಎಟುಕದು. ಸಿಲಿಂಡರ್ ಇಡುವಲ್ಲಿ ನೆಲಮಟ್ಟದ ಗಾಳಿಕಿಂಡಿ ಇರಲೇಬೇಕು. ಅನಿಲದ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ, ಫ್ಯಾನಿನದನ್ನು ಕೂಡ, ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ.